ಕೋರಂ

ಮೋಟೆಬೆನ್ನೂರು ದಾಟಿ ಗಾಜು ಏರಿಸಿದರೂ
ಘಾಟು ಒಳಗೇ ಬಂದು ಕೂತಿತು.
ಬ್ಯಾಡಗಿಯ ರಾತ್ರಿಗೆ ಒಂದು ಬಣ್ಣವಿದೆ,
ಮೂಗಿಗೆ ಮಾತ್ರ ಕಾಣುವುದು.

ಹನ್ನೊಂದೂವರೆ. ಬೆಳಗಾದರೆ ಟೆಂಡರು.
ಮಾರುಕಟ್ಟೆ ಕಚೇರಿಯ ಹಿಂದಿನ ಕೋಣೆಯಲ್ಲಿ ಎರಡು ಸರ್ವರು:
ಒಂದು ಸತ್ತಿದೆ.
ಇನ್ನೊಂದು ಬದುಕಿದೆ, ಬದುಕಿಯೂ ಸುಮ್ಮನೆ ಕೂತಿದೆ.

"ಅಲ್ರೀ ಅಕ್ಕಾರ," ಅಂದರು ಕಾರ್ಯದರ್ಶಿ ಅಕ್ಕಿವಳ್ಳಿ,
ಕರವಸ್ತ್ರ ಮೂಗಿನಿಂದ ತೆಗೆಯದೆ,
"ಒಂದು ಬಿದ್ರ ಇನ್ನೊಂದು ಎದ್ದು ನಿಲ್ತೈತಿ ಅಂತ ಹೇಳೇ
ಎರಡರ ರೊಕ್ಕ ಇಸ್ಗೊಂಡಿದ್ರಿ."

ಹೌದು, ಇಸಿದುಕೊಂಡಿದ್ದೆವು.
ಕಾಗದದ ಮೇಲಿನ ಸಹಿ ನನ್ನದೇ.

ಸತ್ತದ್ದರ ಮುಚ್ಚಳ ಬಿಚ್ಚಿದೆ.
ಫ್ಯಾನಿನ ಎಲೆಎಲೆಗೂ ಕೆಂಪು ಹುಡಿ ಮೆತ್ತಿ
ಒಗ್ಗರಣೆಗೆ ಇಟ್ಟ ಹಾಗಿತ್ತು.
ಏಳು ಸಲ ಸೀನಿದೆ. ಸಾವಿನ ಕಾರಣ ತಿಳಿಯಿತು.
ಬದುಕಿದ್ದು ಯಾಕೆ ಏಳಲಿಲ್ಲ, ಅದು ತಿಳಿಯಲಿಲ್ಲ.

ಕೇಬಲ್ ಕಿತ್ತು ಮತ್ತೆ ಚುಚ್ಚಿದೆ.
ಸರ್ವೀಸು ನಿಲ್ಲಿಸಿ ಮತ್ತೆ ಹಚ್ಚಿದೆ.
ಹೇಡಿ ಅಂತ ಬೈದೆ, ಸ್ವಲ್ಪ ಜೋರಾಗಿಯೇ.
ಕೊನೆಗೆ, ಮೊದಲು ಮಾಡಬೇಕಿದ್ದ ಕೆಲಸ ಮಾಡಿದೆ:
ಲಾಗು ಓದಿದೆ.

ಸೆಕೆಂಡಿಗೊಮ್ಮೆ ಅದು ಕೇಳಿದೆ: ಇದ್ದೀಯಾ?
ಸೆಕೆಂಡಿಗೊಮ್ಮೆ ಉತ್ತರ: ಇದ್ದೀನಿ.
ಒಂಬತ್ತು ನಲವತ್ತೆರಡಕ್ಕೆ ಕಡೆಯ ಇದ್ದೀನಿ.
ಆಮೇಲೆ ಇದ್ದೀಯಾ, ಇದ್ದೀಯಾ, ಇದ್ದೀಯಾ,
ಹತ್ತು ಸಲ.
ಆಮೇಲೆ ಮೂರನೆಯವನನ್ನು ಕೇಳಿದೆ: ನಿನಗಾದರೂ ಕಾಣುತ್ತಾನಾ?
ಅಲ್ಲಿಂದಲೂ ಸದ್ದಿಲ್ಲ.
ಕಡೆಯ ಸಾಲು: ಕೋರಂ ಇಲ್ಲ.

"ಹಂಗಾರ ಸಭಾ ಮುಂದಕ ಹೋತು," ಅಂದರು ಅಕ್ಕಿವಳ್ಳಿ.
ಅವರಿಗೆ ಅಷ್ಟು ಸಾಕಾಯಿತು ಅರ್ಥವಾಗಲು.

ಒತ್ತಾಯಿಸಿ ಎಬ್ಬಿಸುವ ಕಮಾಂಡು ನನಗೆ ಬಾಯಿಪಾಠ.
ಅರ್ಧ ಬರೆದು ಬೆರಳು ಎತ್ತಿದೆ.
ಕಿವಿ ಮಾತ್ರ ಸತ್ತು ಕೈ ಬದುಕಿದ್ದರೆ ಆ ಇನ್ನೊಬ್ಬ?
ಇಬ್ಬರೂ ಯಜಮಾನರಾಗಿ ಇಬ್ಬರೂ ಬರೆದರೆ,
ಡಬ್ಬಿ ತಳಿಯ ಹದಿನಾಲ್ಕು ಚೀಲ
ಇಬ್ಬರು ದಲಾಲರಿಗೆ ಮಾರಿಹೋಗಿ
ಬೆಳಿಗ್ಗೆ ತೂಕದ ಕಟ್ಟೆಯ ಮೇಲೆ ಕೈಕೈ.

ಮೂರನೆಯವನು. ಸಾಕ್ಷಿ.
ಎಲ್ಲಿಟ್ಟಿದ್ದೆ ಅವನನ್ನು?
ನಾಲ್ಕು ವರ್ಷದ ಹಿಂದೆ, ಒಂದು ಹಳೆಯ ಕಂಪ್ಯೂಟರು,
ತೂಕದ ಕೋಣೆಯಲ್ಲಿ, ಟೇಬಲ್ಲಿನ ಕೆಳಗೆ.
ಯಾರಿಗೂ ಹೇಳಿರಲಿಲ್ಲ. ನನಗೂ ಮರೆತಿತ್ತು.

ಅಂಗಳ ದಾಟಿದೆವು. ಚೀಲದ ಮೇಲೆ ಹಮಾಲರು,
ನಿದ್ದೆಯಲ್ಲೇ ಕೆಮ್ಮು.
ತೂಕದ ಮೌಲಾಸಾಬ ನದಾಫ ಬ್ಯಾಟರಿ ಹಿಡಿದು ಮುಂದೆ.

ಒಳಗೆ ದುರ್ಗವ್ವ, ತುಂಬು ಬಿಡಿಸುವವಳು,
ಗೋಡೆಗೆ ಒರಗಿ, ಫೋನು ಚಾರ್ಜಿಗೆ ಹಾಕಿ.
ಐದಕ್ಕೆ ಕದರಮಂಡಲಗಿಯಿಂದ ಹನ್ನೆರಡು ಹೆಣ್ಣಾಳು,
ಟಂಟಂನವನಿಗೆ ಇವಳೇ ಹಚ್ಚಬೇಕು ಫೋನು.
ಅವಳ ಚಾರ್ಜರಿನ ಪಕ್ಕದಲ್ಲೇ, ನೆಲದ ಮೇಲೆ,
ಕಿತ್ತಿಟ್ಟ ಪ್ಲಗ್ಗು.

"ಆ ಡಬ್ಬಿ ಯಾರದೂ ಅಲ್ಲ ಅಂತ ತಿಳ್ಕೊಂಡಿದ್ದೆ ನಮ್ಮವ್ವಾ.
ಮೂರು ದಿನಾತು ಕಿತ್ತು.
ಯಾರೂ ಕೇಳಲಿಲ್ಲ."

ಯಾರೂ ಕೇಳಿರಲಿಲ್ಲ.
ಸಾಕ್ಷಿ ಸತ್ತು ಮೂರು ದಿನ ಎಲ್ಲವೂ ಸುರಳೀತ ನಡೆದಿತ್ತು.

ಮೌಲಾಸಾಬ ಎಲ್ಲಿಂದಲೋ ಒಂದು ಎಕ್ಸ್‌ಟೆನ್ಷನ್ ಬೋರ್ಡು ತಂದ.
ಫೋನಿಗೂ ಕರೆಂಟು, ಸಾಕ್ಷಿಗೂ ಕರೆಂಟು.
ಒಂದು ಗಂಟೆ ಹತ್ತೊಂಬತ್ತು ನಿಮಿಷಕ್ಕೆ ಹಿಂದಿನ ಕೋಣೆಯಲ್ಲಿ
ಎರಡನೆಯದು ಎದ್ದು ನಿಂತಿತು, ಯಾರೂ ಬೈಯದೆ.
ನಾನು ಬೈದದ್ದನ್ನು ನೆನೆದು ಅದರ ಮುಂದೆ
ಸ್ವಲ್ಪ ಹೊತ್ತು ನಿಂತಿದ್ದೆ.
ಜೊತೆಗಾರ ಸತ್ತ ಅಂತ ತನ್ನೊಬ್ಬನ ಮಾತಿನ ಮೇಲೆ
ಸಾರಲು ಒಪ್ಪದೆ ಕೂತಿತ್ತು, ಅಷ್ಟೆ.

ವರದಿಯಲ್ಲಿ "ವಿದ್ಯುತ್ ವ್ಯತ್ಯಯ" ಅಂತ ಬರೆದೆ.
ಪ್ಲಗ್ಗಿನ ಮೇಲೆ ಚೀಟಿ ಅಂಟಿಸಿದೆ: ಇದನ್ನು ಕೀಳಬಾರದು.

"ನನಗ ಓದಾಕ ಬರಂಗಿಲ್ರೀ," ಅಂದಳು ದುರ್ಗವ್ವ.
ಸೆರಗಿನ ಗಂಟಿನಿಂದ ದಾರ ತೆಗೆದು
ನೆಲದಿಂದ ಏಳು ಮೆಣಸಿನಕಾಯಿ ಹೆಕ್ಕಿ ಪೋಣಿಸಿ
ಅಂಗಡಿ ಬಾಗಿಲಿಗೆ ಕಟ್ಟುವ ಹಾಗೆ
ವಾಯರಿಗೆ ಕಟ್ಟಿದಳು.
"ಇನ್ನ ಒಬ್ರೂ ಮುಟ್ಟಂಗಿಲ್ಲ, ಹೋಗ್ರಿ."